ಮುಖದ ಮೇಲಿನ ಮಬ್ಬು

ಅಂಗಡಿಗೆ ಬರುವವರೆಲ್ಲ ಅವಳನ್ನು ಧೂಳಕ್ಕ ಎನ್ನುತ್ತಿದ್ದರು. ಆ ಹೆಸರಿಟ್ಟವನು ಅವಳ ತಮ್ಮ. ಜನರ ಅಟ್ಟಗಳಿಂದ, ಟ್ರಂಕುಗಳಿಂದ ಇಳಿದು ಬರುವ ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ, ಅವುಗಳ ಮೇಲೆ ಕೂತ ಧೂಳು, ಗೀರು, ಬೂಷ್ಟುಗಳನ್ನು ಹುಡುಕಿ ಹುಡುಕಿ ತೆಗೆಯುವುದು ಅವಳ ಕೆಲಸ. ಮುಂದಿನ ಕೋಣೆಯಲ್ಲಿ ತಮ್ಮ ಕೌಂಟರು ನೋಡಿಕೊಂಡು ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದ. ಹಿಂದಿನ, ಕಿಟಕಿಯಿಲ್ಲದ ಕೋಣೆ ಧೂಳಕ್ಕನದು. ಒಂದು ಕಾಲಕ್ಕೆ ಅದು ಅವರ ಅಪ್ಪ ಫಿಲ್ಮು ತೊಳೆಯುತ್ತಿದ್ದ ಕತ್ತಲೆ ಕೋಣೆ. ಅಪ್ಪನ ಕಾಲದ ಸಿಂಕು ಈಗಲೂ ಮೂಲೆಯಲ್ಲಿತ್ತು, ಅದರ ಕಂದು ಕಲೆ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಮನೆ ಮಹಡಿಯ ಮೇಲೆ. ತಮ್ಮ, ತಮ್ಮನ ಹೆಂಡತಿ, ಮತ್ತು ಗಂಡ ತೀರಿಕೊಂಡ ಮೇಲೆ ತವರಿಗೇ ಬಂದು ನಿಂತ ಧೂಳಕ್ಕ, ಮೂವರೇ ಇದ್ದರು.

"ನಮ್ಮಕ್ಕ ಮದುವೆ ಮನೆಗೆ ಹೋದ್ರೂ ಹೆಣ್ಣಿನ ಮುಖ ನೋಡಲ್ಲ, ಮೂಗಿನ ಮೇಲೆ ಧೂಳು ಕೂತಿದೆಯಾ ಅಂತ ನೋಡ್ತಾಳೆ" ಎಂದು ತಮ್ಮ ಗಿರಾಕಿಗಳ ಮುಂದೆ ನಗುತ್ತಿದ್ದ.

"ನಿನಗೇನೋ ಗೊತ್ತಾಗುತ್ತೆ? ಕಣ್ಣಿದ್ದೂ ಕುರುಡ ನೀನು. ಮುಂದೆ ಆನೆ ಅಡ್ಡ ನಿಂತಿದ್ರೂ ಕ್ಲಿಕ್ ಅನ್ನಿಸ್ತೀಯ" ಎಂದು ಅವಳು ಒಳಗಿನಿಂದಲೇ ಕೂಗುತ್ತಿದ್ದಳು.

ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಏನಾದರೂ ದೋಷ ಕಂಡರೆ ಧೂಳಕ್ಕ ಮೊದಲು ಕೇಳಿಕೊಳ್ಳುತ್ತಿದ್ದುದು ಒಂದೇ ಪ್ರಶ್ನೆ: ಇದು ಫಿಲ್ಮಿನದೋ, ಯಂತ್ರದ್ದೋ? ಅದಕ್ಕೆ ಉತ್ತರ ಹುಡುಕುವ ದಾರಿಯೂ ಅವಳಿಗೆ ಕರಗತವಾಗಿತ್ತು. ಫಿಲ್ಮನ್ನು ತಲೆಕೆಳಗು ಮಾಡಿ ಮತ್ತೆ ಸ್ಕ್ಯಾನ್ ಮಾಡುವುದು. ಕಲೆ ಚಿತ್ರದ ಜೊತೆಗೇ ತಿರುಗಿದರೆ ಅದು ಫಿಲ್ಮಿನದು. ಚಿತ್ರ ತಿರುಗಿ, ಕಲೆ ಮಾತ್ರ ಇದ್ದಲ್ಲೇ ಇದ್ದರೆ ಯಂತ್ರದ್ದು. ಆಮೇಲೆ ಅದರ ಬಣ್ಣ ನೋಡುವುದು. ನೆಗೆಟಿವ್ ಮೇಲೆ ಕೂತ ಧೂಳು ಬೆಳಕನ್ನು ತಡೆಯುವುದರಿಂದ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಚಿತ್ರ ಕೂತಿರುವ ತೆಳು ಪದರವೇ ಕೆರೆದುಹೋಗಿದ್ದರೆ ಕಪ್ಪಗೆ ಕಾಣುತ್ತದೆ. ನೆಗೆಟಿವ್‌ನಲ್ಲಿ ಇದ್ದದ್ದು ಚಿತ್ರದಲ್ಲಿ ಉಲ್ಟಾ ಆಗಲೇಬೇಕು. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ ಎಂದು ಅವಳ ಅಪ್ಪ ಹೇಳುತ್ತಿದ್ದರು. ಅಪ್ಪನ ಮಾತು ಅವಳನ್ನು ಯಾವತ್ತೂ ಕೈಬಿಟ್ಟಿರಲಿಲ್ಲ.

ಮೋಡ ಕವಿದ ಒಂದು ಬೆಳಿಗ್ಗೆ ಬಿಸ್ಕತ್ತಿನ ಹಳೇ ತಗಡಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಎತ್ತರದ ಮುದುಕರೊಬ್ಬರು ಅಂಗಡಿಗೆ ಬಂದರು. ಸೇತುವೆ ಕಟ್ಟುವ ಎಂಜಿನಿಯರ್ ಆಗಿದ್ದವರು, ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ತಮ್ಮ ಅವರನ್ನು ನೇರ ಒಳಗಿನ ಕೋಣೆಗೆ ಕಳಿಸಿದ.

"ಇದರಲ್ಲಿ ಸೇತುವೆ ಫೋಟೊಗಳು ಬೇಕಾದಷ್ಟಿವೆ. ಅವನ್ನ ನಿಧಾನಕ್ಕೆ ಮಾಡಿಮ್ಮ, ಅವಸರ ಇಲ್ಲ" ಎಂದರು ಎಂಜಿನಿಯರ್. "ನನಗೆ ಮೊದಲು ಬೇಕಾಗಿರೋದು ಒಬ್ಬನ ಮುಖ."

ಕುರ್ಚಿಯ ಮೇಲೆ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಅವರು ಹೇಳಿದರು. ಹೊಳೆಗೆ ದೊಡ್ಡ ಸೇತುವೆ ಕಟ್ಟುವಾಗ ಅವರ ಕೈಕೆಳಗೆ ಒಬ್ಬ ವೆಲ್ಡರ್ ಇದ್ದ. ಎಳೆ ವಯಸ್ಸು, ಮನೆಯಲ್ಲಿ ಹಾಲು ಕುಡಿಯುವ ಮಗು. ಒಂದು ದಿನ ತೊಲೆಯ ಮೇಲಿಂದ ಕಾಲು ಜಾರಿ ಬಿದ್ದ. ದೇಹ ಸಿಕ್ಕಿದ್ದು ಹೊಳೆಯಲ್ಲಿ ಬಹಳ ಕೆಳಗೆ. ಅವನ ಹೆಂಡತಿಯ ಬಳಿ ಇದ್ದ ಒಂದೇ ಒಂದು ಫೋಟೊ ಮನೆ ಬದಲಾಯಿಸುವಾಗ ಕಳೆದುಹೋಯಿತು. ಈಗ ಆ ತಾಯಿಯೂ ಇಲ್ಲ. ಮಗು ದೊಡ್ಡವಳಾಗಿ, ಬೇಕರಿಯಲ್ಲಿ ಕೆಲಸ ಮಾಡುತ್ತಾ, ಅಪ್ಪನ ಮುಖ ನೋಡಿದವರು ಯಾರಾದರೂ ಬದುಕಿದ್ದಾರಾ ಎಂದು ಹುಡುಕುತ್ತಾ ಇವರ ಮನೆ ಬಾಗಿಲಿಗೆ ಬಂದಿದ್ದಳು.

"ಒಂದು ಮಧ್ಯಾಹ್ನ ಮೂರು ಜನ ತೊಲೆ ಮೇಲೆ ಕೂತು ಊಟ ಮಾಡ್ತಾ ಇದ್ರು. ಸುಮ್ನೆ ಕ್ಯಾಮೆರಾ ಎತ್ತಿ ತೆಗೆದಿದ್ದೆ. ತೆಗೆದದ್ದು ನೆನಪಿದೆ, ಪ್ರಿಂಟ್ ಹಾಕಿಸಿದ್ದು ನೆನಪಿಲ್ಲ. ನಡುವೆ ಕೂತಿರೋನು ಅವನೇ. ಅವಳಿಗೆ ಆ ಫೋಟೊ ಗೋಡೆ ಮೇಲೆ ಹಾಕೋ ಅಷ್ಟು ದೊಡ್ಡದಾಗಿ ಬೇಕಂತೆ, ತಾಯಿ ಫೋಟೊದ ಪಕ್ಕಕ್ಕೆ."

"ಇದ್ರೆ ಹುಡುಕಿ ಕೊಡ್ತೀನಿ ಸಾರ್" ಎಂದಳು ಧೂಳಕ್ಕ.

ಇತ್ತು. ಡಬ್ಬಿಯ ತಳದಲ್ಲಿ, ಅಂಟಿಕೊಂಡ ಕಾಗದದ ಲಕೋಟೆಯೊಳಗೆ, ಸುರುಳಿ ಸುತ್ತಿಕೊಂಡ ಒಂದು ಕಪ್ಪುಬಿಳುಪು ಪಟ್ಟಿ. ಅವಳು ಹತ್ತಿಯ ಕೈಗವಸು ಹಾಕಿ, ಪಟ್ಟಿಯನ್ನು ದಪ್ಪ ಪುಸ್ತಕದ ಕೆಳಗಿಟ್ಟು ಮಟ್ಟಸ ಮಾಡಿ, ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಸ್ಕ್ಯಾನರಿಗೆ ಹಾಕಿದಳು. ಚಿತ್ರ ಬಂತು. ಆದರೆ ಎಲ್ಲ ಚಿತ್ರಗಳ ಉದ್ದಕ್ಕೂ ಒಂದು ಸಣ್ಣ ಗೆರೆ. ಫಿಲ್ಮು ತಿರುಗಿಸಿದಳು, ಗೆರೆ ತಿರುಗಲಿಲ್ಲ. ಯಂತ್ರದ್ದೇ ಅನ್ನುವುದು ಖಾತ್ರಿಯಾಗಿ, ಸ್ಕ್ಯಾನರು ಕೆಲಸ ಶುರು ಮಾಡುವ ಮೊದಲು ತನ್ನ ಬೆಳಕನ್ನು ತಾನೇ ಪರೀಕ್ಷಿಸಿಕೊಳ್ಳುವ ಗಾಜಿನ ಕಿಂಡಿಯನ್ನು ಒರೆಸಿದಳು. ಅಲ್ಲಿ ಕೂದಲಿನ ತುಣುಕೊಂದು ಕೂತಿತ್ತು. ಗೆರೆ ಹೋಯಿತು. ಆಮೇಲೆ ಆಕಾಶದ ಭಾಗದಲ್ಲಿ ಉಂಗುರ ಉಂಗುರವಾದ ಗುರುತುಗಳು ಕಂಡವು. ಸೊಟ್ಟಗಿದ್ದ ಫಿಲ್ಮು ಗಾಜಿಗೆ ತಾಗುತ್ತಿತ್ತು. ಚೌಕಟ್ಟನ್ನು ಸ್ವಲ್ಪ ಎತ್ತರಿಸಿದ ಮೇಲೆ ಉಂಗುರಗಳೂ ಮಾಯವಾದವು.

ಉಳಿದದ್ದು ಒಂದು ಮಬ್ಬು. ಪರದೆಯ ಮೇಲೆ ಮೂರು ಜನ ತೊಲೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು, ಕೆಳಗೆ ಹೊಳೆ. ನಡುವಿನವನ ಮುಖದ ಮೇಲೆ, ಸರಿಯಾಗಿ ಮುಖದ ಮೇಲೆಯೇ, ಹೆಬ್ಬೆರಳಿನಲ್ಲಿ ಒತ್ತಿದಂತೆ ಬೂದು ಬಣ್ಣದ ಮಬ್ಬು.

ಧೂಳಕ್ಕ ಫಿಲ್ಮನ್ನು ತಲೆಕೆಳಗು ಮಾಡಿ ಸ್ಕ್ಯಾನ್ ಮಾಡಿದಳು. ಮನುಷ್ಯರು ತಲೆಕೆಳಗಾದರು. ಮಬ್ಬು ಅವನ ಮುಖದ ಮೇಲೆಯೇ ಇತ್ತು. ಮಗ್ಗುಲು ಬದಲಾಯಿಸಿ ಹಾಕಿದಳು. ಆಗಲೂ ಮುಖದ ಮೇಲೆಯೇ. ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೆಗೆಟಿವನ್ನೇ ನೋಡಿದಳು. ಅಲ್ಲೂ ಇತ್ತು. ಹಾಗಾದರೆ ಫಿಲ್ಮಿನದೇ. ಡಬ್ಬಿಯೊಳಗೆ ತೇವ ಸೇರಿ ಯಾವುದೋ ಕಲೆ ಅಂಟಿದೆ.

ಒಂದೇ ಒಂದು ಲೆಕ್ಕ ಹೊಂದುತ್ತಿರಲಿಲ್ಲ. ಮಬ್ಬು ನೆಗೆಟಿವ್‌ನಲ್ಲೂ ಬೂದು, ಚಿತ್ರದಲ್ಲೂ ಬೂದು. ಉಲ್ಟಾ ಆಗಿರಲಿಲ್ಲ. ಅವಳಿಗೆ ಅದು ಹೊಳೆಯದೆ ಇರಲಿಲ್ಲ. ಕೈಯಲ್ಲಿ ಭೂತಗನ್ನಡಿ ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ಪದರದ ಎರಡೂ ಬದಿಗೆ ಹರಡಿದ ಕಲೆ ಇರಬೇಕು, ಅದಕ್ಕೇ ಹೀಗೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬೇರೆ ಯಾರನ್ನಾದರೂ ಕರೆದು ತೋರಿಸಬಹುದಿತ್ತು. ತಮ್ಮ ಪಕ್ಕದ ಕೋಣೆಯಲ್ಲೇ ಇದ್ದ. ಆದರೆ ನೆಗೆಟಿವ್ ವಿಷಯದಲ್ಲಿ ತಮ್ಮನನ್ನು ಕೇಳುವುದೆಂದರೆ ಅವಳ ಪಾಲಿಗೆ ಗೋಡೆಯನ್ನು ಕೇಳಿದಂತೆ.

ಆ ದಿನಗಳಲ್ಲಿ ಮನೆಯಲ್ಲೂ ಕೆಲವು ಸಣ್ಣಪುಟ್ಟದ್ದು ನಡೆಯುತ್ತಿತ್ತು. ಬಚ್ಚಲಿನ ಟೈಲುಗಳ ನಡುವಿನ ಗೆರೆ ಡೊಂಕಾಗಿ ಕಂಡು, "ಗೋಡೆ ಉಬ್ತಾ ಇದೆ ಕಣೋ, ಯಾರನ್ನಾದ್ರೂ ಕರೆಸು" ಎಂದು ತಮ್ಮನಿಗೆ ಹೇಳಿದ್ದಳು. ತಮ್ಮ ಕೈಯಾಡಿಸಿ ನೋಡಿ, "ಗೋಡೆ ನೆಟ್ಟಗೇ ಇದೆ, ನಿನಗೆ ಎಲ್ಲದರಲ್ಲೂ ದೋಷ" ಎಂದಿದ್ದ. ಸೂಜಿಗೆ ದಾರ ಪೋಣಿಸಲಾಗದೆ ಬಲ್ಬಿನ ಮೇಲೆ ರೇಗಿದ್ದಳು. ಒಂದು ದಿನ ಲೋಟದ ಪಕ್ಕಕ್ಕೆ ನೀರು ಬಗ್ಗಿಸಿದಾಗ ತಮ್ಮನ ಹೆಂಡತಿ ಬಟ್ಟೆ ತಂದು ಒರೆಸುತ್ತಾ, "ಅತ್ತಿಗೆ, ಕನ್ನಡಕ ಬದಲಾಯಿಸ್ಬೇಕೇನೋ, ಒಂದ್ಸಲ ತೋರಿಸ್ಕೊಂಡು ಬನ್ನಿ" ಎಂದಳು.

"ಎಡಗಣ್ಣು ಮೊದಲಿಂದಲೂ ಮಂದ, ಅದು ನಿನಗೂ ಗೊತ್ತಲ್ಲ. ಬಲಗಣ್ಣು ಗಟ್ಟಿಯಾಗಿದೆ. ಈ ಕೆಲಸ ಒಂದು ಮುಗೀಲಿ, ಹೋಗ್ತೀನಿ" ಎಂದಿದ್ದಳು ಧೂಳಕ್ಕ.

ಕೆಲಸ ಮುಗಿಯಲಿಲ್ಲ. ಲೆಕ್ಕ ಹೊಂದದ ಅನುಮಾನಕ್ಕೆ ಗಾಜು ಬದಲಾಯಿಸಿದಳು, ಚೌಕಟ್ಟು ಬದಲಾಯಿಸಿದಳು, ಸ್ಕ್ಯಾನರಿನ ಮುಚ್ಚಳ ಬಿಚ್ಚಿ ಒಳಗಿನ ಕನ್ನಡಿ ಒರೆಸಿದಳು. ದಿನ ಕಳೆದಂತೆ ಮಬ್ಬು ಸ್ವಲ್ಪ ದೊಡ್ಡದಾದಂತೆಯೂ ಅನ್ನಿಸಿತು. ಕಲೆ ಫಿಲ್ಮಿನಲ್ಲಿ ಹರಡುತ್ತಿದೆ, ಹೀಗೇ ಬಿಟ್ಟರೆ ಮುಖವನ್ನು ಪೂರಾ ತಿಂದುಬಿಡುತ್ತದೆ ಎಂದು ಅವಳಿಗೆ ದಿಗಿಲಾಯಿತು. ಎಂಜಿನಿಯರ್ ಎರಡು ಬಾರಿ ಬಂದು ಕೇಳಿಹೋದರು. "ಇನ್ನೊಂಚೂರು ಟೈಮ್ ಕೊಡಿ ಸಾರ್, ಮುಖದ ಮೇಲೆ ಕಲೆ ಇದೆ" ಎಂದು ಅವಳು ಬಾಗಿಲಲ್ಲೇ ಹೇಳಿ ಕಳಿಸಿದಳು. ಕಲೆ ತೆಗೆಯುವ ಮುನ್ನ ಯಾರಿಗೂ ತೋರಿಸುವುದಿಲ್ಲ ಎನ್ನುವುದು ಅವಳ ಹಟ.

ಕೊನೆಗೆ ತೊಳೆಯುವುದೇ ಸರಿ ಎಂದು ನಿರ್ಧರಿಸಿದಳು. ಬೂಷ್ಟು ಹಿಡಿದ ಫಿಲ್ಮಿಗೆ ನೀರು ಸೋಕಿಸಬಾರದು, ಪದರ ಅಂಟಿನ ಹಾಗೆ ಕರಗಿ ಬರುತ್ತದೆ ಎನ್ನುವುದು ಅವಳಿಗೆ ತಿಳಿದಿತ್ತು. ಅದಕ್ಕೇ ಮೊದಲು ಚಿತ್ರವಿಲ್ಲದ ಅಂಚಿನಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿದಳು. ಅಂಚು ಗಟ್ಟಿಯಾಗಿತ್ತು. ಧೈರ್ಯ ಬಂತು. ಅಪ್ಪನ ಸಿಂಕಿನ ಪಕ್ಕದಲ್ಲಿ ತಟ್ಟೆಯಿಟ್ಟು, ಶುದ್ಧ ನೀರು ತುಂಬಿ, ಪಟ್ಟಿಯನ್ನು ಮೆಲ್ಲಗೆ ಇಳಿಸಿದಳು. ನೆನೆದ ಮೇಲೆ ಹತ್ತಿ ತೆಗೆದುಕೊಂಡು ಮುಖದ ಜಾಗದ ಮೇಲೆ ಹಗುರವಾಗಿ ಸವರಿದಳು. ಭೂತಗನ್ನಡಿ ಹಿಡಿದು ನೋಡಿದಳು. ಮಬ್ಬು ಹೋಗಿರಲಿಲ್ಲ. ಮತ್ತೆ ಸವರಿದಳು. ಹೋಗಿರಲಿಲ್ಲ. ಇನ್ನೊಂದು ಹತ್ತಿ ತೆಗೆದುಕೊಂಡು ಕೊಂಚ ಒತ್ತಿದಳು. ಹಾಗೆ ಎಷ್ಟು ಸಲ ಸವರಿದಳೋ ಅವಳಿಗೇ ಲೆಕ್ಕ ಸಿಗಲಿಲ್ಲ. ಬೆರಳಿಗೆ ಏನೋ ಜಾರಿದಂತಾಯಿತು. ಹತ್ತಿಯ ತುದಿಯಲ್ಲಿ ಕಪ್ಪು ಲೋಳೆಯೊಂದು ಅಂಟಿಕೊಂಡಿತ್ತು.

ಪಟ್ಟಿಯನ್ನು ಒಣಗಿಸಿ ಸ್ಕ್ಯಾನರಿಗೆ ಹಾಕಿದಳು. ಪರದೆಯ ಮೇಲೆ ಎಡಗಡೆಯವನು ಇದ್ದ, ಬಲಗಡೆಯವನು ಇದ್ದ. ನಡುವಿನವನ ಮುಖವಿರಬೇಕಾದಲ್ಲಿ, ಮಬ್ಬಿನಾಚೆಗೂ ಹರಡಿದ ಕಪ್ಪು ತೂತು.

ತಮ್ಮ ಮಧ್ಯಾಹ್ನದ ಊಟಕ್ಕೆ ಕರೆಯಲು ಬಂದಾಗ ಅವಳು ಪರದೆಯ ಮುಂದೆ ಹಾಗೇ ಕೂತಿದ್ದಳು.

"ಏನಕ್ಕ, ಊಟಕ್ಕೆ ಬರಲ್ವಾ? ಆಗ್ಲಿಂದ ಕೂಗ್ತಾ ಇದೀನಿ."

"ಹಾಳು ಮಾಡಿಬಿಟ್ಟೆ ಕಣೋ."

ಅವಳು ಎಲ್ಲವನ್ನೂ ಹೇಳಿದಳು. ಕಲೆ ತೆಗೆಯಲು ಹೋದದ್ದು, ಪದರ ಕಿತ್ತು ಬಂದದ್ದು. ತಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ, ಒಂದೇ ಒಂದು ಇತ್ತಲ್ಲಕ್ಕ" ಎಂದ.

"ಸುಮ್ನೆ ಇದ್ದೆ ಅನ್ಕೊಂಡ್ಯಾ? ನೋಡು, ನೀನೇ ನೋಡು. ಮೊದಲು ಹೇಗಿತ್ತು ಅಂತ. ಇಂಥ ಮಬ್ಬು ಇಟ್ಕೊಂಡು ಯಾರಿಗೆ ಕೊಡೋಕಾಗ್ತಿತ್ತು?" ಎನ್ನುತ್ತಾ ಅವಳು ಮೊದಲ ದಿನ ತೆಗೆದ ಪರೀಕ್ಷೆಯ ಸ್ಕ್ಯಾನನ್ನು ತೆರೆದಳು. ಕೆಲಸ ಮುಗಿಯುವ ತನಕ ಅಂಥವನ್ನು ಅಳಿಸುವ ಅಭ್ಯಾಸ ಅವಳಿಗಿರಲಿಲ್ಲ.

ತಮ್ಮ ಬಗ್ಗಿ ನೋಡಿದ. "ಎಲ್ಲಿದೆ ಮಬ್ಬು?"

"ಇದೇನೋ. ನಡುವಿನೋನ ಮುಖದ ಮೇಲೆ."

"ಮುಖ ಚೆನ್ನಾಗೇ ಇದೆಯಲ್ಲಕ್ಕ. ನಗ್ತಾ ಇದಾನೆ."

"ತಮಾಷೆ ಮಾಡೋ ಹೊತ್ತಾ ಇದು?"

"ನಿನ್ನಾಣೆಗೂ ಇಲ್ಲ. ಹಣೆ ಮೇಲೆ ಕನ್ನಡಕ ಏರಿಸ್ಕೊಂಡು ನಗ್ತಾ ಇದಾನೆ. ಎಲ್ಲಾ ಕಾಣ್ತಾ ಇದೆ."

ಧೂಳಕ್ಕ ಪರದೆ ನೋಡಿದಳು. ಬೂದು ಮಬ್ಬು. ಪಕ್ಕದವನ ಮುಖದ ಕಡೆ ಕಣ್ಣು ಹೊರಳಿಸಿದಳು. ಮಬ್ಬೂ ಅವಳ ಜೊತೆಗೇ ಹೊರಳಿ ಅವನ ಮುಖದ ಮೇಲೆ ಹೋಗಿ ಕೂತಿತು. ಅವಳು ನಿಧಾನವಾಗಿ ತಿರುಗಿ ತಮ್ಮನ ಮುಖ ನೋಡಿದಳು. ಅಲ್ಲೂ ಅದೇ.

ಇಷ್ಟು ದಿನವೂ ಅವಳು ನೋಡಿದ್ದು ವೆಲ್ಡರನ ಮುಖವೊಂದನ್ನೇ. ತಲೆಕೆಳಗು ಮಾಡಿದಾಗಲೂ, ಮಗ್ಗುಲು ಬದಲಾಯಿಸಿದಾಗಲೂ ಅವಳ ಕಣ್ಣು ಹುಡುಕಿಕೊಂಡು ಹೋಗುತ್ತಿದ್ದುದು ಆ ಮುಖವನ್ನು. ಮಬ್ಬು ಕಣ್ಣಿನ ಬೆನ್ನಿಗೇ ಹೋಗುತ್ತಿತ್ತು.

"ಅಕ್ಕ, ಯಾಕಕ್ಕ? ನೀರು ತರಲಾ?"

"ನಿನ್ನ ಮೂಗು ಕಾಣ್ತಿಲ್ಲ ಕಣೋ" ಎಂದಳು ಅವಳು.

ಮಾರನೆಯ ದಿನ ತಮ್ಮ ಅಂಗಡಿಗೆ ಬೀಗ ಹಾಕಿ ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಉದ್ದನೆಯ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಕಣ್ಣಿಗೆ ಹನಿ ಹಾಕಿಸಿಕೊಂಡು ರೆಪ್ಪೆ ಮುಚ್ಚಿ ಕೂತ ಜನ. ಅವಳ ಕೈಚೀಲವನ್ನು ತಮ್ಮ ತನ್ನ ತೊಡೆಯ ಮೇಲಿಟ್ಟುಕೊಂಡು, ಶಾಲೆಗೆ ಮೊದಲ ದಿನ ಬಂದವನ ಹಾಗೆ ಅದರ ಹಿಡಿ ಹಿಡಿದುಕೊಂಡಿದ್ದ. ಡಾಕ್ಟರಮ್ಮ ಚೌಕುಳಿ ಚೌಕುಳಿ ಗೆರೆಗಳಿದ್ದ ಒಂದು ಕಾಗದವನ್ನು ಅವಳ ಮುಂದೆ ಹಿಡಿದು, ಎಡಗಣ್ಣು ಮುಚ್ಚಿಕೊಂಡು ನಡುವಿನ ಚುಕ್ಕೆಯನ್ನೇ ನೋಡಲು ಹೇಳಿದರು.

"ಗೆರೆಗಳು ನೆಟ್ಟಗಿವೆಯಾ?"

"ಇಲ್ಲ ಡಾಕ್ಟ್ರೇ. ನಡುವೆ ಒಳಗೆ ಎಳೆದ ಹಾಗಿವೆ. ಚುಕ್ಕೆ ಕಾಣ್ತಿಲ್ಲ."

ಇನ್ನಷ್ಟು ಯಂತ್ರಗಳ ಮುಂದೆ ಗದ್ದ ಊರಿಸಿ ಕೂರಿಸಿದರು. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಬಲಗಣ್ಣಿನ ಹಿಂದುಗಡೆ, ನೇರ ನೋಟಕ್ಕೆ ಬೇಕಾದ ಜಾಗದಲ್ಲಿ ರಕ್ತನಾಳಗಳು ಬೆಳೆದು ಸೋರುತ್ತಿವೆ, ಅಲ್ಲಿ ಗಾಯದ ಗುರುತೂ ಆಗಿದೆ ಎಂದರು. ಎಡಗಣ್ಣಿನಲ್ಲಿ ಹೀಗೆ ಆಗಿಲ್ಲ, ಆದರೆ ಅದು ಚಿಕ್ಕಂದಿನಿಂದಲೇ ಮಂದ, ಅದನ್ನು ನಂಬಿ ಸೂಕ್ಷ್ಮದ ಕೆಲಸ ಮಾಡಲಾಗದು ಎಂದರು.

"ಯಾವಾಗಿಂದ ಹೀಗೆ ಕಾಣ್ತಿತ್ತು?"

"ಸುಮಾರು ದಿನ ಆಯ್ತು. ಫಿಲ್ಮು ಕೆಟ್ಟಿದೆ, ಯಂತ್ರ ಕೆಟ್ಟಿದೆ ಅನ್ಕೊಂಡಿದ್ದೆ."

"ಕಣ್ಣಿಗೆ ಇಂಜೆಕ್ಷನ್ ಕೊಡ್ತೀವಿ. ಸೋರೋದು ನಿಲ್ಲುತ್ತೆ, ಇನ್ನೂ ಹಾಳಾಗದ ಹಾಗೆ ತಡೀಬಹುದು. ಹೋಗಿರೋದು ಮಾತ್ರ..."

"ಸ್ವಲ್ಪ ಮುಂಚೆ ಬಂದಿದ್ರೆ?" ಎಂದು ತಮ್ಮ ಕೇಳಿದ. ಆ ಪ್ರಶ್ನೆ ಯಾಕಾದರೂ ಕೇಳಿದೆನೋ ಎಂದು ಕೂಡಲೇ ಅವನಿಗೇ ಅನ್ನಿಸಿರಬೇಕು. ಡಾಕ್ಟರಮ್ಮ ಚೀಟಿ ಬರೆಯತೊಡಗಿದರು. ಧೂಳಕ್ಕನಿಗೆ ಉತ್ತರ ಬೇಕೂ ಇರಲಿಲ್ಲ. ಸ್ಕ್ಯಾನರಿನ ಮುಚ್ಚಳ ಬಿಚ್ಚಿ ಕನ್ನಡಿ ಒರೆಸುತ್ತಾ ಕಳೆದ ದಿನಗಳು ಒಂದೊಂದೇ ಅವಳ ಎದೆಯಲ್ಲಿ ಚುಚ್ಚಿದವು.

ಬಸ್ಸಿನಲ್ಲಿ ಹಿಂದಿರುಗುವಾಗ ತಮ್ಮ ಮೆಲ್ಲಗೆ ಹೇಳಿದ: "ಎಂಜಿನಿಯರಿಗೆ ನಾನು ಹೇಳ್ತೀನಿ. ಹಳೇ ಫಿಲ್ಮು, ತಾನಾಗೇ ಕರಗಿಹೋಯ್ತು ಅಂತ. ಅವರೇನು ಪರೀಕ್ಷೆ ಮಾಡ್ತಾರಾ?"

"ಬೇಡ. ನಾನೇ ಹೇಳ್ತೀನಿ."

"ನಿನಗೆ ಈಗ ಇರೋ ಕಷ್ಟ ಸಾಲದಾ ಅಕ್ಕ?"

"ಫಿಲ್ಮಿನ ಮೇಲೆ ಇಲ್ಲದ ತಪ್ಪು ಒಂದ್ಸಲ ಹೊರಿಸಿದ್ದೇ ಸಾಕು ಕಣೋ" ಎಂದಳು ಅವಳು. ತಮ್ಮ ಕಿಟಕಿಯ ಕಡೆ ತಿರುಗಿಕೊಂಡ.

ಎಂಜಿನಿಯರ್ ಬಂದಾಗ ಅವಳು ಕುರ್ಚಿಯಿಂದ ಎದ್ದು ನಿಂತೇ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡ ಮೇಲೆ ಪಟ್ಟಿಯನ್ನು ಉದ್ದನೆಯ ಬೆರಳುಗಳಲ್ಲಿ ಹಿಡಿದು ದೀಪಕ್ಕೆ ಅಡ್ಡ ಎತ್ತಿದರು. ಬಹಳ ಹೊತ್ತು ನೋಡಿದರು.

"ಪಕ್ಕದವರಿಬ್ಬರೂ ಸರಿಯಾಗಿದಾರಲ್ಲ" ಎಂದರು.

"ಇದಾರೆ ಸಾರ್."

"ಹೂಂ."

ಅವರು ಬೈದಿದ್ದರೆ ಚೆನ್ನಾಗಿತ್ತು. ಧೂಳಕ್ಕ ಕಾದಳು. ಅವರು ಪಟ್ಟಿಯನ್ನು ಮೇಜಿನ ಮೇಲಿಟ್ಟು, ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದರು. ಉಳಿದ ಸೇತುವೆಗಳ ಮಾತು ಎತ್ತಲಿಲ್ಲ. ಪರೀಕ್ಷೆಯ ಸ್ಕ್ಯಾನುಗಳಲ್ಲಿ ಮುಖ ಉಳಿದಿದೆ, ಆದರೆ ಕಲೆ ಹೋಗುವ ತನಕ ದೊಡ್ಡ ಸ್ಕ್ಯಾನ್ ಮಾಡಿರಲಿಲ್ಲ, ಅವೆಲ್ಲ ಚಿಕ್ಕವು, ಅಂಗೈಯಗಲಕ್ಕಿಂತ ದೊಡ್ಡದಾಗಿ ಪ್ರಿಂಟ್ ಹಾಕಿದರೆ ಮುಖ ಚುಕ್ಕೆ ಚುಕ್ಕೆಯಾಗಿ ಒಡೆದುಹೋಗುತ್ತದೆ ಎಂದು ತಮ್ಮ ವಿವರಿಸಿದ. "ಅಷ್ಟನ್ನೇ ಹಾಕಿ. ನಾನು ಅವಳನ್ನ ಕಳಿಸ್ತೀನಿ. ನಾನು ಬರಲ್ಲ" ಎಂದು ಡಬ್ಬಿ ಅವಚಿಕೊಂಡು ಹೊರಟುಹೋದರು. ಅವರು ಬಾಗಿಲಲ್ಲಿ ಒಂದು ಕ್ಷಣ ನಿಂತದ್ದು ಅವಳಿಗೆ ಗೊತ್ತಾಯಿತು. ತಿರುಗಿ ನೋಡಿದರೋ ಇಲ್ಲವೋ ಕಾಣಲಿಲ್ಲ.

ವೆಲ್ಡರನ ಮಗಳು ಬಂದದ್ದು ಧೂಳಕ್ಕನ ಮೊದಲ ಇಂಜೆಕ್ಷನ್ ಆದ ಕೆಲವು ದಿನಗಳಿಗೆ. ಬೇಕರಿಯಿಂದ ನೇರ ಬಂದಿದ್ದಳು, ಅವಳ ಹಿಂದೆಯೇ ಬಿಸಿ ಬ್ರೆಡ್ಡಿನ ವಾಸನೆ ಒಳಗೆ ಬಂತು. ಪ್ರಾಯ ಕಳೆದು ನಡುವಯಸ್ಸಿಗೆ ಬಂದ ಹೆಂಗಸು, ದನಿ ಮಾತ್ರ ಚಿಕ್ಕದು. ತಮ್ಮ ಪ್ರಿಂಟು ತಂದು ಕೊಟ್ಟ. ಅವಳು ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಂಡು ತೆಗೆದುಕೊಂಡಳು.

"ಇವ್ರು ಇನ್ನೂ ಹುಡುಗ ಅಲ್ವಾ" ಎಂದಳು. "ನಾನು ಯಾರೋ ದೊಡ್ಡೋರು ಇರ್ತಾರೆ ಅನ್ಕೊಂಡಿದ್ದೆ. ನನಗಿಂತ ಎಷ್ಟು ಚಿಕ್ಕೋರು!"

"ಅಮ್ಮಾ, ನಿನಗೊಂದು ಹೇಳ್ಬೇಕು" ಎಂದು ಧೂಳಕ್ಕ ಶುರು ಮಾಡಿದಳು. ತಮ್ಮ ಬೇಡವೆನ್ನುವಂತೆ ಅವಳ ತೋಳು ಮುಟ್ಟಿದ, ಅವಳು ನಿಲ್ಲಿಸಲಿಲ್ಲ. ಫಿಲ್ಮಿನಲ್ಲಿ ಮುಖ ಸರಿಯಾಗಿಯೇ ಇತ್ತು, ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಮಾಡಬಹುದಿತ್ತು, ನನ್ನ ಕಣ್ಣಿನ ಕಲೆಯನ್ನು ಅದರ ಮೇಲಿನ ಕಲೆ ಅಂದುಕೊಂಡು ನಾನೇ ಉಜ್ಜಿ ತೆಗೆದುಬಿಟ್ಟೆ ಎಂದಳು.

ಆ ಹೆಂಗಸು ಕೇಳಿದಳು: "ಆ ಫಿಲ್ಮು ಇದೆಯಾ?"

ತಮ್ಮ ಪಟ್ಟಿ ಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು, ತೂತಾದ ಜಾಗವನ್ನು ನೋಡಿದಳು. ಅವಳ ಮುಖದಲ್ಲಿ ಏನು ಮೂಡಿತೋ ಧೂಳಕ್ಕನಿಗೆ ಕಾಣುವಂತಿರಲಿಲ್ಲ. ಮೂಗು ಏರಿಸಿದ ಸದ್ದು ಮಾತ್ರ ಕೇಳಿತು.

"ನಮ್ಮಮ್ಮನ ಫೋಟೊ ದೊಡ್ಡದು. ಪಕ್ಕದಲ್ಲಿ ಇದು ಸಣ್ಣದಾಗಿ ಕಾಣುತ್ತೆ" ಎಂದಳು. ಅದರಲ್ಲಿ ಸಿಟ್ಟಿತ್ತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. "ಇಷ್ಟು ವರ್ಷ ಕಾದಿದ್ದೆ."

"ಗೊತ್ತಮ್ಮ."

"ಇದನ್ನೂ ನಾನೇ ತಗೊಂಡು ಹೋಗ್ತೀನಿ" ಎಂದು ಪಟ್ಟಿಯನ್ನು ಲಕೋಟೆಯೊಳಗೆ ಹಾಕಿಕೊಂಡಳು. ಎದ್ದು ಬಾಗಿಲ ತನಕ ಹೋದವಳು ಮತ್ತೆ ತಿರುಗಿ ಬಂದಳು. "ಒಂದು ಮಾತು ಕೇಳ್ತೀನಿ. ಅಷ್ಟು ದಿನ ನೋಡಿದೀರಲ್ಲ ನೀವು. ನಾನು ಅವರ ಥರ ಇದೀನಾ? ಎಂಜಿನಿಯರ್ ಸಾಹೇಬ್ರನ್ನ ಕೇಳಿದ್ರೆ ನೆನಪಿಲ್ಲಮ್ಮ ಅಂತಾರೆ."

ಧೂಳಕ್ಕ ಮೇಜಿನ ಅಂಚು ಹಿಡಿದುಕೊಂಡಳು. "ನಾನು ಅವರ ಮುಖ ನೋಡೇ ಇಲ್ಲಮ್ಮ" ಎಂದಳು. "ನೋಡಿದೀನಿ ಅಂತ ಎಲ್ಲರೂ ಅನ್ಕೊಂಡಿದಾರೆ. ಮೊದಲ ದಿನದಿಂದಲೂ ನನಗೆ ಕಂಡಿದ್ದು ಮಬ್ಬು ಮಾತ್ರ. ಈಗ ನಿನ್ನ ಮುಖವೂ ಹಾಗೇ."

ಆ ಹೆಂಗಸು ಸ್ಟೂಲು ಎಳೆದುಕೊಂಡು ಅವಳೆದುರು ಕೂತು, ಚೀಲದಿಂದ ಪ್ರಿಂಟನ್ನು ಮತ್ತೆ ಹೊರತೆಗೆದಳು.

"ಹಣೆ ಅಗಲ. ಕಪ್ಪು ಕನ್ನಡಕ ಹಣೆ ಮೇಲಿದೆ" ಎಂದಳು, ಓದು ಬಾರದವರಿಗೆ ಕಾಗದ ಓದಿ ಹೇಳುವವಳ ಹಾಗೆ ನಿಧಾನವಾಗಿ. "ಕೂದಲು ಎಲ್ಲಾ ಎದ್ದು ನಿಂತಿದೆ. ಹುಬ್ಬು ಎರಡೂ ಸೇರೋ ಹಾಗಿವೆ, ನಂದೂ ಹಾಗೇ. ಒಂದು ಕೆನ್ನೆ ಉಬ್ಬಿದೆ, ಬಾಯಲ್ಲಿ ತುತ್ತು ಇಟ್ಕೊಂಡೇ ನಗ್ತಾ ಇದಾರೆ. ಕಿವಿ ಸ್ವಲ್ಪ ದೊಡ್ಡದು. ಗದ್ದದ ಮೇಲೆ ಏನೋ ಗಾಯ, ಕಿಡಿ ಹಾರಿ ಸುಟ್ಟಿದ್ದಿರಬೇಕು." ತನ್ನ ಮೂಗು ಮುಟ್ಟಿ ನೋಡಿಕೊಂಡಳು. "ಮೂಗು ನಂದಲ್ಲ. ನನ್ನ ಮೂಗು ಅಮ್ಮಂದು."

ಧೂಳಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಚ್ಚಿದ ಕಣ್ಣೊಳಗೆ ಅಗಲ ಹಣೆಯ, ತುತ್ತು ತುಂಬಿದ ಕೆನ್ನೆಯ ಹುಡುಗನೊಬ್ಬ ತೊಲೆಯ ಮೇಲೆ ಕೂತು ನಗುತ್ತಿದ್ದ. ಅವನು ನಿಜವಾಗಿ ಹಾಗೇ ಇದ್ದನೋ ಇಲ್ಲವೋ ತಾಳೆ ನೋಡುವ ದಾರಿ ಅವಳಿಗಿರಲಿಲ್ಲ. ಅವಳಿಗೆ ಅಳು ಬಂತು. ಇಂಜೆಕ್ಷನ್ ಆದ ಕಣ್ಣು ಉರಿಯಿತು. ಆ ಹೆಂಗಸು ಸಮಾಧಾನದ ಮಾತೇನೂ ಆಡಲಿಲ್ಲ. ಆದರೆ ಧೂಳಕ್ಕ ಕಣ್ಣು ಒರೆಸಿಕೊಳ್ಳುವ ತನಕ ಎದ್ದು ಹೋಗಲೂ ಇಲ್ಲ.

ಆಮೇಲಿನ ತಿಂಗಳುಗಳಲ್ಲಿ ಇಂಜೆಕ್ಷನ್‌ಗಳು ನಡೆದವು. ಮಬ್ಬು ಬೆಳೆಯುವುದು ನಿಂತಿತು, ಕರಗಲಿಲ್ಲ. ಮುಖಗಳನ್ನು ಸ್ವಲ್ಪ ಓರೆಯಾಗಿ, ಕಿವಿಯ ಕಡೆಯಿಂದ ನೋಡುವುದನ್ನು ಅವಳು ರೂಢಿ ಮಾಡಿಕೊಂಡಳು. ಹಾಗೆ ನೋಡಿದರೆ ಅಂಚುಗಳಾದರೂ ಸಿಗುತ್ತಿದ್ದವು. ಗಿರಾಕಿಗಳಿಗೆ ಮಾತ್ರ, ಈಕೆ ಯಾಕೆ ನಮ್ಮನ್ನು ಬಿಟ್ಟು ಪಕ್ಕದ ಗೋಡೆ ನೋಡಿ ಮಾತಾಡುತ್ತಾಳೆ ಅನ್ನಿಸುತ್ತಿತ್ತು.

ಸ್ಕ್ಯಾನರಿನ ಮುಂದೆ ಈಗ ತಮ್ಮ ಕೂರುತ್ತಾನೆ, ಅವನ ಪಕ್ಕದಲ್ಲಿ ಅವಳು. ಫಿಲ್ಮು ತಿರುಗಿಸಿ ಹಾಕು ಎಂದರೆ ತಿರುಗಿಸುತ್ತಾನೆ. ಗೆರೆ ಇದೆಯಾ ಎಂದರೆ ಇದೆ ಎನ್ನುತ್ತಾನೆ. ಎಲ್ಲಿ ಎಂದರೆ ತಡಬಡಾಯಿಸುತ್ತಾನೆ. ಅವಳಿಗೆ ಒಮ್ಮೊಮ್ಮೆ ಸಿಟ್ಟು ನೆತ್ತಿಗೇರಿ, ಮೌಸನ್ನು ಕಿತ್ತುಕೊಳ್ಳಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ.

ಮೊನ್ನೆ ಯಾರದೋ ಮನೆಯ ಮಕ್ಕಳ ಫೋಟೊ ಬಂದಿತ್ತು. ಆಕಾಶದ ತುಂಬ ಬಿಳಿ ಚುಕ್ಕೆಗಳಿವೆ ಎಂದ ತಮ್ಮ.

"ಹಾಗಾದ್ರೆ ಧೂಳು. ಗಾಳಿ ಊದು. ಮೆಲ್ಲಗೆ."

ಅವನು ಊದಿದ. ಮತ್ತೆ ಸ್ಕ್ಯಾನ್ ಮಾಡಿದ.

"ಹೋಯ್ತಾ?"

"ಹೋಯ್ತು ಅನ್ಸುತ್ತೆ ಅಕ್ಕ."

"ಅನ್ಸುತ್ತೆ ಅಂದ್ರೆ?"

ತಮ್ಮ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ. ಅವನ ಉಸಿರಾಟ ಅವಳಿಗೆ ಕೇಳಿಸುತ್ತಿತ್ತು.

"ಹೋಗಿದೆ" ಎಂದ.

ಅವಳು ಪರದೆಯ ಕಡೆ ನೋಡಿದಳು. ನಂಬುವುದು ಬಿಟ್ಟರೆ ಬೇರೆ ದಾರಿಯಿರಲಿಲ್ಲ. "ಸರಿ, ಮುಂದಿಂದು ಹಾಕು" ಎಂದಳು.